ಪ್ಯಾನಲ್ ಮಾರಿದ ಮೇಲೂ ಕೆಲಸ ಇದೆ

ನಮಸ್ಕಾರ. ವರ್ಷಗಟ್ಟಲೆ ದುಡಿದ ಒಂದು ಮೆಷಿನ್ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಟಚ್ ಸ್ಕ್ರೀನಿನಲ್ಲಿ ಸ್ಟಾರ್ಟ್ ಬಟನ್ ಇರುವ ಜಾಗ ಮಾತ್ರ ಸವೆದು ಮಬ್ಬಾಗಿರುತ್ತದೆ. ಆಪರೇಟರ್ ಬಟನ್ ಮೇಲೆ ಒತ್ತುವುದೇ ಇಲ್ಲ, ಒಂದು ಬೆರಳಷ್ಟು ಕೆಳಗೆ ಒತ್ತುತ್ತಾರೆ. ಟಚ್ ಅಷ್ಟು ಜರುಗಿದೆ, ಅವರ ಕೈಗೆ ಅದು ರೂಢಿಯಾಗಿಬಿಟ್ಟಿದೆ.

ಮೆಷಿನ್ ನಡೆಸಲು ಆಪರೇಟರ್ ಬಳಸುವ ಇಂಥ ಸ್ಕ್ರೀನಿಗೆ ಪ್ಯಾನಲ್ ಅಥವಾ ಎಚ್‌ಎಂಐ ಅನ್ನುತ್ತಾರೆ. ಅದನ್ನು ತಯಾರಿಸುವ ಕಂಪನಿಗಳ ಬಗ್ಗೆ ಇವತ್ತಿನ ಮಾತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇವರು ಇನ್ನೂ ಡಬ್ಬಿ ಮಾರುವ ಲೆಕ್ಕದಲ್ಲೇ ಇದ್ದಾರೆ. ಕೊಳ್ಳುವವರಿಗೆ ಬೇಕಿರುವುದು ಹದಿನೈದು ವರ್ಷ ಜೊತೆಗಿರುತ್ತೇವೆ ಅನ್ನುವ ಮಾತು.

ಹಿಂದೆ ಡಬ್ಬಿಗೇ ಬೆಲೆ ಇತ್ತು. ಧೂಳು, ನೀರು ಒಳಗೆ ಹೋಗದ ಐಪಿ65 ಮುಂಭಾಗ, ಬೇರೆ ಬೇರೆ ಕಂಪನಿಗಳ ಪಿಎಲ್‌ಸಿ, ಅಂದರೆ ಮೆಷಿನ್ ನಿಯಂತ್ರಿಸುವ ಕಂಪ್ಯೂಟರ್ ಜೊತೆ ಮಾತಾಡುವ ಡ್ರೈವರ್ ಸಾಫ್ಟ್‌ವೇರ್‌ಗಳು. ಜಾಸ್ತಿ ಡ್ರೈವರ್ ಇದ್ದವರೇ ಗೆದ್ದರು. ಈಗ ಒಪಿಸಿ ಯುಎ, ಎಂಕ್ಯೂಟಿಟಿ ಥರದ, ಸಾಧನಗಳು ಪರಸ್ಪರ ಮಾತಾಡುವ ಮುಕ್ತ ಮಾನದಂಡಗಳು ಎಲ್ಲರಿಗೂ ಸಿಗುತ್ತವೆ. ಎಷ್ಟೋ ಪಿಎಲ್‌ಸಿಗಳ ಒಳಗೇ ವೆಬ್ ಸರ್ವರ್ ಇದೆ, ಬ್ರೌಸರ್ ಇರುವ ಯಾವ ಟ್ಯಾಬ್ಲೆಟ್‌ನಲ್ಲಾದರೂ ಸ್ಕ್ರೀನ್ ತೆರೆಯುತ್ತದೆ. ಹಾಗಾದರೆ ದುಬಾರಿ ಪ್ಯಾನಲ್ ಯಾಕೆ ಅಂತ ಕೇಳುವುದು ನ್ಯಾಯವೇ ಅಲ್ವಾ?

ಟ್ಯಾಬ್ಲೆಟ್ ಸಾಕು ಅಂತ ನಾನು ಹೇಳಲ್ಲ. ಎಣ್ಣೆ ಮೆತ್ತಿದ ದಪ್ಪ ಗ್ಲೌಸ್‌ಗೆ ಫೋನಿನ ಥರದ ಗಾಜು ಸುಲಭವಾಗಿ ಒಗ್ಗುವುದಿಲ್ಲ. ಎಮರ್ಜೆನ್ಸಿ ಸ್ಟಾಪ್ ಅಂತೂ ಸ್ಕ್ರೀನಿನೊಳಗೆ ಹೋಗಲೇಬಾರದು, ಅದು ಕೈಗೆ ಸಿಗುವ ಕೆಂಪು ಬಟನ್ನೇ ಆಗಿರಬೇಕು.

ನನಗೆ ನಿಜವಾಗಿ ನೋವಾಗುವುದು ಬೇರೆ ಕಡೆ. ಎಷ್ಟೋ ಪ್ಯಾನಲ್‌ಗಳು ಮೈಕ್ರೋಸಾಫ್ಟ್‌ನ ವಿಂಡೋಸ್ ಸಿಇ ಅನ್ನುವ, ಚಿಕ್ಕ ಸಾಧನಗಳ ಆಪರೇಟಿಂಗ್ ಸಿಸ್ಟಮ್ ಮೇಲೆ ಓಡುತ್ತಿದ್ದವು. ಆ ಸಾಲಿನ ಎಂಬೆಡೆಡ್ ಕಾಂಪ್ಯಾಕ್ಟ್ 2013 ಆವೃತ್ತಿಗೆ ಕಂಪನಿಯ ಬೆಂಬಲ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಮೆಷಿನ್ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಒಂದು ದಿನ ಪ್ಯಾನಲ್ ಕೈಕೊಡುತ್ತದೆ. ಹೊಸದು ತಂದರೆ ಹಳೆಯ ಪ್ರಾಜೆಕ್ಟ್, ಅಂದರೆ ಆ ಮೆಷಿನ್‌ಗಾಗಿ ಮಾಡಿದ ಸ್ಕ್ರೀನ್‌ಗಳ ಪ್ರೋಗ್ರಾಂ, ಅದರಲ್ಲಿ ತೆರೆಯುವುದಿಲ್ಲ. ಮೂಲ ಫೈಲ್ ಹುಡುಕಿದರೆ ಅದನ್ನು ಮಾಡಿದ ಎಂಜಿನಿಯರ್ ಕೆಲಸ ಬಿಟ್ಟು ಎಷ್ಟೋ ಕಾಲವಾಗಿರುತ್ತದೆ. ಪ್ಯಾನಲ್ ಒಳಗಿರುವುದು ಕಂಪೈಲ್ ಆದ ಫೈಲ್, ಅದನ್ನು ತಿದ್ದಲು ಬರುವುದಿಲ್ಲ. ಆಮೇಲೆ ಒಂದೊಂದೇ ಟ್ಯಾಗ್ (ಪಿಎಲ್‌ಸಿಯ ಒಂದೊಂದು ಮೌಲ್ಯದ ಹೆಸರು), ಒಂದೊಂದೇ ಅಲಾರಂ, ಒಂದೊಂದೇ ರೆಸಿಪಿ (ಒಂದೊಂದು ಉತ್ಪನ್ನದ ಸೆಟ್ಟಿಂಗ್‌ಗಳು) ಮತ್ತೆ ಬರೆಯಬೇಕು. ಅಷ್ಟೂ ಹೊತ್ತು ಲೈನ್ ನಿಂತಿರುತ್ತದೆ. ಆ ನಷ್ಟದ ಮುಂದೆ ಪ್ಯಾನಲ್ ಬೆಲೆ ಏನೂ ಅಲ್ಲ.

ಯುರೋಪಿನಲ್ಲಿ ಕಾನೂನೇ ಈ ದಿಕ್ಕಿಗೆ ತಳ್ಳುತ್ತಿದೆ. ಡಿಜಿಟಲ್ ಉತ್ಪನ್ನಗಳ ಭದ್ರತೆಗೆ ಮಾಡಿದ ಅಲ್ಲಿನ ಸೈಬರ್ ರೆಸಿಲಿಯನ್ಸ್ ಆಕ್ಟ್ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು, 2027ರ ಡಿಸೆಂಬರ್ 11ರಿಂದ ಪೂರ್ತಿ ಅನ್ವಯಿಸುತ್ತದೆ. ತಯಾರಕರು ಸಾಮಾನ್ಯವಾಗಿ ಕಡಿಮೆ ಅಂದರೂ 5 ವರ್ಷ ಭದ್ರತಾ ದೋಷಗಳನ್ನು ಸರಿಪಡಿಸಿಕೊಡಬೇಕು. ದಾಳಿಕೋರರು ಬಳಸುತ್ತಿರುವ ದೋಷ ಗೊತ್ತಾದರೆ 24 ಗಂಟೆಯೊಳಗೆ ಅಲ್ಲಿನ ಸೈಬರ್ ಭದ್ರತಾ ಸಂಸ್ಥೆಗಳಿಗೆ ಮೊದಲ ಎಚ್ಚರಿಕೆ ಕಳಿಸಬೇಕು. ಮಾರಿ ಮರೆಯುವ ವ್ಯಾಪಾರ ಅಲ್ಲಿ ಇನ್ನು ನಡೆಯಲ್ಲ. ನನಗೆ ಇದು ಖುಷಿಯ ಸುದ್ದಿ. ಚಿಕ್ಕ ಕಂಪನಿಗಳಿಗೆ ಇದು ದೊಡ್ಡ ಹೊರೆ ಅನ್ನುವುದೂ ಸುಳ್ಳಲ್ಲ.

ಹಾಗಾಗಿ ಹೊಸ ಮಾಡೆಲ್ ತೋರಿಸುವಾಗ ಬಣ್ಣ, ಹೊಳಪು, ಪ್ರೊಸೆಸರ್ ವೇಗ ಆಮೇಲೆ ಹೇಳಿ. ಹಳೆಯ ಪ್ರಾಜೆಕ್ಟ್ ಫೈಲ್ ಇದರಲ್ಲಿ ತೆರೆಯುತ್ತದಾ? ಅಪ್‌ಡೇಟ್ ಯಾವ ವರ್ಷದವರೆಗೆ ಕೊಡುತ್ತೀರಿ? ಕ್ಯಾಬಿನೆಟ್ ಬಾಗಿಲಿನಲ್ಲಿ ಹಳೆಯ ಪ್ಯಾನಲ್‌ಗೆ ಕೊರೆದ ಕಟೌಟ್ ಇದೆಯಲ್ಲ, ಹೊಸದು ಅದೇ ತೂತಿನಲ್ಲಿ ಕೂರುತ್ತದಾ, ಇಲ್ಲಾ ತಗಡು ಮತ್ತೆ ಕೊಯ್ಯಬೇಕಾ? ಮೊದಲು ಅದನ್ನು ಹೇಳಿ.