ಚೈನಿಗೆ ಎಣ್ಣೆ ಬೇಕು, ಬ್ರೇಕಿಗೆ ಮಾತ್ರ ಬೇಡ

ಈಗ ನೀವು ನೋಡುತ್ತಿರುವುದು ನಿನ್ನೆ ಸವಾರಿ ಮುಗಿಸಿ ಬಂದ ನನ್ನ ಸೈಕಲ್. ಟಯರಿನಿಂದ ಹಿಡಿದು ಸೀಟಿನ ಅಡಿಯ ತನಕ ಕೆಸರು ಮೆತ್ತಿಕೊಂಡಿದೆ. ಮೌಂಟೇನ್ ಬೈಕ್ ಅಂದಮೇಲೆ ಇದು ಇದ್ದದ್ದೇ, ಅಲ್ವಾ? ಇವತ್ತು ಇದನ್ನು ತೊಳೆದು ಒರೆಸುತ್ತಾ, ಹೊಸದಾಗಿ ಸೈಕಲ್ ತಗೊಂಡವರು ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಏನು ಹೇಳುತ್ತೇನೋ ಅದನ್ನೇ ಹೇಳುತ್ತೇನೆ. ಎಣ್ಣೆಯ ವಿಷಯ. ಎಲ್ಲಿಗೆ ಹಾಕಬೇಕು, ಎಲ್ಲಿಗೆ ತಾಗಿಸಲೇಬಾರದು.

ಮೊದಲು ನೀರು. ಒಂದು ಬಕೆಟ್, ಒಂದು ಸ್ಪಂಜು, ಸ್ವಲ್ಪ ಸೋಪು ಸಾಕು. ಗಾಡಿ ತೊಳೆಯುವ ಪ್ರೆಶರ್ ಪಂಪ್ ಹಿಡಿಯಬೇಡಿ. ನೀರು ಅಷ್ಟು ರಭಸದಿಂದ ಬಂದರೆ ಸೀಲ್ ದಾಟಿ ಬೇರಿಂಗಿನ ಒಳಗೆ ನುಗ್ಗುತ್ತದೆ, ಅಲ್ಲಿರುವ ಗ್ರೀಸನ್ನೂ ಕೊಚ್ಚಿಕೊಂಡು ಹೋಗುತ್ತದೆ.

ಈಗ ಚೈನ್. ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕೆಂದರೆ ತುಂಬಾ ಜನ ಎಡವುವುದು ಇಲ್ಲೇ. ಕೊಳೆಯ ಮೇಲೇ ಎಣ್ಣೆ ಸುರಿದರೆ ಮಣ್ಣು ಮತ್ತು ಎಣ್ಣೆ ಸೇರಿ ಉಜ್ಜುವ ಪೇಸ್ಟ್ ಆಗುತ್ತದೆ, ಒಂದೊಂದು ಸಲ ಪೆಡಲ್ ತುಳಿದಾಗಲೂ ಅದು ಚೈನನ್ನು, ಗೇರಿನ ಹಲ್ಲನ್ನು ಸವೆಸುತ್ತಾ ಹೋಗುತ್ತದೆ. ಹಾಗಾಗಿ ಮೊದಲು ಜಿಡ್ಡು ಬಿಡಿಸುವ ಡಿಗ್ರೀಸರ್ ಹಾಕಿ ಬ್ರಷ್‌ನಲ್ಲಿ ಉಜ್ಜಿ, ನೀರಿನಲ್ಲಿ ತೊಳೆದು, ಪೂರ್ತಿ ಒಣಗಲು ಬಿಡಿ. ಆಮೇಲೆ ಪೆಡಲನ್ನು ಹಿಮ್ಮುಖವಾಗಿ ತಿರುಗಿಸುತ್ತಾ ಚೈನಿನ ಪಿನ್ನಿನ ಸುತ್ತ ತಿರುಗುವ ಒಂದೊಂದು ರೋಲರಿಗೆ ಒಂದೊಂದೇ ಹನಿ. ನೋಡಿ, ಹೀಗೆ. ಎಣ್ಣೆ ಬೇಕಾಗಿರುವುದು ಪಿನ್ನು ಮತ್ತು ರೋಲರಿನ ನಡುವೆ, ಕಣ್ಣಿಗೆ ಕಾಣದ ಜಾಗದಲ್ಲಿ. ಅದು ಒಳಗೆ ಇಳಿಯಲು ಹತ್ತು ನಿಮಿಷ ಕೊಟ್ಟು, ಹೊರಗೆ ಉಳಿದದ್ದನ್ನೆಲ್ಲ ಬಟ್ಟೆಯಲ್ಲಿ ಒರೆಸಿಬಿಡಿ. ಕೈಯಿಂದ ಮುಟ್ಟಿದರೆ ಅಂಟಬಾರದು. ಇಷ್ಟು ಒರೆಸಿದರೆ ಎಣ್ಣೆ ದಂಡ ಅನಿಸಬಹುದು, ನನಗೂ ಅನಿಸುತ್ತಿತ್ತು. ಆದರೆ ಹೊರಗಿನ ಎಣ್ಣೆ ಧೂಳು ಹಿಡಿಯುತ್ತದೆ ಅಷ್ಟೇ. ಚೈನ್ ಎಣ್ಣೆಯಲ್ಲೂ ಮಳೆ ಕೆಸರಿಗೆ ವೆಟ್ ಲೂಬ್, ಒಣ ಧೂಳಿಗೆ ಡ್ರೈ ಲೂಬ್ ಅಂತ ಬೇರೆ ಬೇರೆ ಸಿಗುತ್ತದೆ. ಬೀಗದ ತುಕ್ಕು ಬಿಡಿಸುವ ಸ್ಪ್ರೇ ಚೈನಿಗೆ ಬೇಡ. ಅದು ತುಂಬಾ ತೆಳು, ಬೇಗ ಹೋಗಿಬಿಡುತ್ತದೆ.

ಚೈನ್ ಎಷ್ಟು ಸವೆದಿದೆ ಅಂತ ಒಂದು ಸ್ಕೇಲಿನಿಂದಲೇ ನೋಡಬಹುದು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಅಂದರೆ ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು. ಅದೇ 24 ಕೊಂಡಿ 12 ಇಂಚು ದಾಟಿ 1/16 ಇಂಚು ಜಾಸ್ತಿ ಬಂದರೆ ಚೈನ್ ಬದಲಿಸುವ ಹೊತ್ತು ಬಂತು. ಇನ್ನೂ ಓಡುತ್ತಿದೆಯಲ್ಲ ಅಂತ ಬಿಟ್ಟರೆ ಹಿಂದಿನ ಕ್ಯಾಸೆಟ್ಟೂ, ಅಂದರೆ ಹಿಂದಿನ ಚಕ್ರದ ಗೇರ್‌ಗಳ ಗೊಂಚಲೂ ಸವೆಯುತ್ತದೆ, ಮತ್ತೆ ಹೊಸ ಚೈನ್ ಹಾಕಿದರೂ ಹಲ್ಲಿನ ಮೇಲೆ ಜಾರುತ್ತದೆ. ಆಗ ಎರಡನ್ನೂ ಕೊಳ್ಳಬೇಕು.

ಇನ್ನು ಬ್ರೇಕ್. ಸೈಕಲ್ ಕೊಂಡ ಮೊದಲ ವರ್ಷ ನಾನು ಚೈನಿಗೆ ಸ್ಪ್ರೇ ಹೊಡೆಯುತ್ತಿದ್ದೆ. ಅದರ ತುಂತುರು ಹಿಂದಿನ ಡಿಸ್ಕ್ ಮೇಲೆ, ಅಂದರೆ ಬ್ರೇಕ್ ಕಚ್ಚಿ ಹಿಡಿಯುವ ಲೋಹದ ತಟ್ಟೆಯ ಮೇಲೆ ಕೂತದ್ದು ಗೊತ್ತೇ ಆಗಲಿಲ್ಲ. ಮಾರನೇ ದಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಕಿರ್ರ್ ಅಂತ ಕಿವಿ ಕೊರೆಯುವ ಸದ್ದು, ಲಿವರ್ ಪೂರ್ತಿ ಒತ್ತಿದರೂ ಸೈಕಲ್ ನಿಲ್ಲುತ್ತಿಲ್ಲ. ಮುಂದಿನ ಬ್ರೇಕ್ ಚೆನ್ನಾಗಿದ್ದದ್ದರಿಂದ ಬಚಾವಾದೆ. ಆದರೂ ಆ ಹೆದರಿಕೆ ಇನ್ನೂ ಹೋಗಿಲ್ಲ. ಡಿಸ್ಕನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದರೆ ಸರಿಯಾಗುತ್ತದೆ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಹಾಗಲ್ಲ, ಎಣ್ಣೆಯನ್ನು ಒಳಕ್ಕೆ ಹೀರಿಕೊಂಡುಬಿಡುತ್ತದೆ. ನಾನು ಹೊಸದನ್ನೇ ಹಾಕಬೇಕಾಯಿತು. ಅವತ್ತಿನಿಂದ ಹನಿ ಬಾಟಲಿ ಬಿಟ್ಟು ಬೇರೆ ಮುಟ್ಟಿಲ್ಲ, ಎಣ್ಣೆ ಹಾಕುವಾಗ ಡಿಸ್ಕಿಗೆ ಬಟ್ಟೆ ಹೊದಿಸುತ್ತೇನೆ. ಬೆರಳಿನಿಂದಲೂ ಡಿಸ್ಕ್ ಮುಟ್ಟಬೇಡಿ, ಚರ್ಮದ ಜಿಡ್ಡೂ ಜಿಡ್ಡೇ. ಹಾಗೇ, ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕ್ ಇದ್ದರೆ ಚಕ್ರ ಬಿಚ್ಚಿರುವಾಗ ಲಿವರ್ ಒತ್ತಬೇಡಿ. ಪ್ಯಾಡ್‌ಗಳು ಒಂದಕ್ಕೊಂದು ಹತ್ತಿರ ಬಂದು ನಿಂತರೆ ಡಿಸ್ಕ್ ಒಳಗೆ ಹೋಗುವುದಿಲ್ಲ.

ಇದನ್ನು ಹೇಳುವಾಗ ನನಗೆ ಯಾವಾಗಲೂ ಒಂದು ಸಂಗತಿ ನೆನಪಾಗುತ್ತದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವರು ಹಳೇ ದಪ್ಪ ಟಯರಿನ ಸೈಕಲ್ ಹತ್ತಿ ಬೆಟ್ಟ ಇಳಿಯುವ ರೇಸ್ ಶುರು ಮಾಡಿದರು. ಆ ಸೈಕಲ್‌ಗಳ ಬ್ರೇಕ್ ಹಿಂದಿನ ಚಕ್ರದ ನಡುಭಾಗದ ಹಬ್ಬಿನ ಒಳಗೇ ಇತ್ತು. ಇಳಿದು ಮುಗಿಸುವಷ್ಟರಲ್ಲಿ ಅದು ಕಾದು ಗ್ರೀಸೆಲ್ಲ ಸುಟ್ಟುಹೋಗುತ್ತಿತ್ತು, ಪ್ರತಿ ಸಲ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು. ಹಾಗೆ ತುಂಬುವುದಕ್ಕೆ ರಿಪ್ಯಾಕ್ ಅನ್ನುತ್ತಾರೆ. ರೇಸಿಗೂ ಅದೇ ಹೆಸರು ಬಂತು. ನಮ್ಮ ಆಟದ ಹುಟ್ಟಿನಲ್ಲೇ ರಿಪೇರಿ ಇದೆ ಅಂತ ನನಗೆ ಖುಷಿ.

ಉಳಿದದ್ದು ಬೇಗ ಮುಗಿಯುತ್ತದೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ನುಣುಪಾದ ಕೊಳವೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅಲ್ಲಿಗೆ ಚೈನ್ ಎಣ್ಣೆ ಬೇಡ. ಪೆಡಲಿನ ಥ್ರೆಡ್ಡಿಗೆ ಮಾತ್ರ ಗ್ರೀಸ್ ಬೇಕು, ಇಲ್ಲದಿದ್ದರೆ ಕಚ್ಚಿಕೊಂಡು ಕೂರುತ್ತದೆ. ಎಡಗಡೆ ಪೆಡಲಿನ ಥ್ರೆಡ್ ಉಲ್ಟಾ ಅನ್ನುವುದು ನೆನಪಿರಲಿ, ಸುಮ್ನೆ ಬಲ ಹಾಕಬೇಡಿ. ಗಾಳಿ ನಿಮ್ಮ ತೂಕ, ಟಯರ್ ನೋಡಿಕೊಂಡು ಹೊಡೆಯಿರಿ. ನಾನು ನನ್ನ 29 ಇಂಚಿನ ಟ್ಯೂಬ್‌ಲೆಸ್‌ಗೆ ಮುಂದೆ 22, ಹಿಂದೆ 25 ಪಿಎಸ್ಐ ಹೊಡೆಯುತ್ತೇನೆ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಅಂದರೆ ಹ್ಯಾಂಡಲ್ ತಿರುಗಿಸುವ ಬೇರಿಂಗ್, ಅಂದರೆ ಹೆಡ್‌ಸೆಟ್ ಸಡಿಲವಾಗಿದೆ, ಹಾಗೇ ಓಡಿಸಬೇಡಿ.

ಕೊನೆಗೆ ಒಂದು ಸಲ ಪೆಡಲ್ ಹಿಂದಕ್ಕೆ ತಿರುಗಿಸುತ್ತೇನೆ, ಕೇಳಿ. ಹಬ್ಬಿನ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದೇ ಇಲ್ಲ.