ಹನಿ ಎಳೆದರೆ ಪೊರೆ ಬಾಗುತ್ತದೆ

ಕೇಳುಗರಿಗೆ ನಮಸ್ಕಾರ. ಮಳೆ ನಿಂತ ಮೇಲೆ ಕೆಸುವಿನ ಎಲೆ ನೋಡಿದ್ದೀರಲ್ಲ? ನೀರು ಮುತ್ತಾಗಿ ಉರುಳಾಡುತ್ತಿರುತ್ತದೆ. ಅದೇ ನೀರು ಶುಭ್ರವಾದ ಗಾಜಿನ ಮೇಲೆ ಬಿದ್ದರೆ ಹರಡಿಕೊಳ್ಳುತ್ತದೆ. ನಮ್ಮ ಜೀವಕೋಶದೊಳಗೂ ಹನಿಗಳಿವೆ. ನೀರಿನವಲ್ಲ, ಪ್ರೋಟೀನಿನವು. ಅವು ಕೋಶದ ಪೊರೆಯ ಮೇಲೆ ಉರುಳುತ್ತವೋ, ಹರಡುತ್ತವೋ? ಇವತ್ತು ನಾನು ಹೇಳಬೇಕಾದದ್ದು ಅದನ್ನೇ.

ಹನಿ ಅಂತ ಗೊತ್ತಾದದ್ದು ಹೇಗೆ, ಕೇಳಿ. ಜರ್ಮನಿಯ ಡ್ರೆಸ್ಡನ್ ನಗರ. ಅಲ್ಲಿ ವಿಜ್ಞಾನಿಗಳಾದ ಆಂಥೊನಿ ಹೈಮನ್, ಕ್ಲಿಫರ್ಡ್ ಬ್ರಾಂಗ್‌ವಿನ್ ಮತ್ತು ಸಂಗಡಿಗರು ಒಂದು ಹುಳುವನ್ನು ನೋಡುತ್ತಿದ್ದರು. ಉದ್ದ ಬರೀ 1 ಮಿಲಿಮೀಟರ್, ಹೆಸರು ಸಿ. ಎಲಿಗನ್ಸ್. ಅದರ ಸಂತಾನಕೋಶಗಳಲ್ಲಿ 'ಪಿ ಗ್ರ್ಯಾನ್ಯೂಲ್' ಎಂಬ ಚುಕ್ಕೆಗಳಿವೆ. ಗ್ರ್ಯಾನ್ಯೂಲ್ ಅಂದರೆ ಕಾಳು, ಗಟ್ಟಿ. ಹೆಸರೇ ಹಾಗಿತ್ತು. ಇವರು ಆ ಅಂಗಾಂಶವನ್ನು ಮೆಲ್ಲಗೆ ಒತ್ತಿ ಜರುಗಿಸಿದರು. ಕೋಶಕೇಂದ್ರಕ್ಕೆ ಅಂಟಿ ಕೂತಿದ್ದ ಚುಕ್ಕೆ ಉದ್ದವಾಯಿತು, ಜೋತುಬಿತ್ತು, ಚಮಚದಿಂದ ಜೇನು ಇಳಿದ ಹಾಗೆ ತೊಟ್ಟಿಕ್ಕಿತು! ಎರಡು ಚುಕ್ಕೆ ತಗುಲಿದರೆ ಒಂದೇ ದುಂಡು ಹನಿ. 2009ರಲ್ಲಿ ಇದು ಅಚ್ಚಾಯಿತು. ಎಷ್ಟು ಸಲ ಹೇಳಿದರೂ ನನಗೆ ಈ ಕತೆ ಹಳತಾಗುವುದಿಲ್ಲ.

ಈಗ ಪೊರೆಗೆ ಬರೋಣ. ಪಠ್ಯಪುಸ್ತಕದಲ್ಲಿ ಪೊರೆ ಅಂದರೆ ಒಂದು ಗೆರೆ. ದಯವಿಟ್ಟು ಆ ಗೆರೆಯನ್ನು ಮರೆತುಬಿಡಿ. ಪೊರೆ ಸುಮಾರು 5 ನ್ಯಾನೊಮೀಟರ್ ದಪ್ಪದ, ತೀರ ಮೆತ್ತನೆಯ ಹಾಳೆ. ಹನಿಗೆ ಮೇಲ್ಮೈ ಎಳೆತ ಇರುತ್ತದೆ; ಮೈ ಕುಗ್ಗಿಸಿಕೊಳ್ಳುವುದೇ ಅದರ ಗುಣ. ಕೆಸುವಿನ ಎಲೆ ಹನಿಗೆ ಜಗ್ಗುವುದಿಲ್ಲ. ಪೊರೆ ಜಗ್ಗುತ್ತದೆ. ಹನಿ ಎಳೆದರೆ ಪೊರೆ ಬಾಗುತ್ತದೆ, ಇದೊಂದು ನೆನಪಿಡಿ.

ಜರ್ಮನಿಯದೇ ಪಾಟ್ಸ್‌ಡಾಮ್ ನಗರದಲ್ಲಿ ವಿಜ್ಞಾನಿ ರುಮಿಯಾನಾ ಡಿಮೋವಾ ಅವರ ತಂಡ ಸೋಯಾ ಕಾಳಿನ ಪ್ರೋಟೀನನ್ನೇ ತೆಗೆದುಕೊಂಡು, ಅದರ ಹನಿಗಳನ್ನು ಕೊಬ್ಬಿನ ಪೊರೆಯ ಗುಳ್ಳೆಗಳ ಜೊತೆ ಬಿಟ್ಟಿತು. ಉಪ್ಪಿನ ಪ್ರಮಾಣ ಬದಲಿಸಿದ್ದಷ್ಟೇ. ಗುಳ್ಳೆಗೆ ಸೋಕದಿದ್ದ ಹನಿ ಅಂಟಿತು, ಆಮೇಲೆ ಪೂರ್ತಿ ಹರಡಿತು. ಇಲ್ಲೂ ಅದೇ: ಹನಿ ಎಳೆಯಿತು, ಪೊರೆ ಬಾಗಿತು.

ಸಮಯ ಆಗುತ್ತಾ ಬಂತು. ಬೀಜದ ಮಾತೊಂದು ಹೇಳಿಬಿಡುತ್ತೇನೆ. ಸಾಸಿವೆ ಕುಲದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಬೀಜ ಬಲಿಯುವಾಗ, ಕೋಶದ ದೊಡ್ಡ ರಸಚೀಲದೊಳಗೆ ಪ್ರೋಟೀನ್ ಹನಿಗಟ್ಟುತ್ತದೆ. ಆ ಹನಿಗಳು ಚೀಲದ ಪೊರೆಗೆ ಒಳಗಿನಿಂದ ಅಂಟಿ, ಅದನ್ನು ತಮ್ಮ ಮೈಸುತ್ತ ಎಳೆದುಕೊಳ್ಳುತ್ತವೆ. ಒಂದು ದೊಡ್ಡ ಚೀಲ ಹೋಗಿ, ಮೊಳಕೆಗೆ ಬೇಕಾದ ಬುತ್ತಿ ತುಂಬಿದ ಹಲವು ಪುಟ್ಟ ಚೀಲಗಳಾಗುತ್ತವೆ. ನಮಸ್ಕಾರ.