ಮೆಕ್ಕೆಜೋಳದ ನಾಡಿನಲ್ಲಿ ಹುಡುಗಿಯರ ಆಟ

ಕೇಳುಗರಿಗೆ ನಮಸ್ಕಾರ.

ಇವತ್ತು ನಾನು ಒಂದೇ ಒಂದು ಮಾತು ಹೇಳೋಕೆ ಬಂದಿದ್ದೇನೆ. ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಬೆಳೆಯಬೇಕಾದರೆ ಜನ ಬಂದು ಕೂತು ನೋಡಬೇಕು. ಅಷ್ಟೇ. ಶೂ, ಕೋಚು, ಸಿಮೆಂಟ್ ಕೋರ್ಟು, ಸರ್ಕಾರದ ದುಡ್ಡು ಎಲ್ಲ ಆಮೇಲಿನ ಮಾತು. ಮೂವತ್ತು ವರ್ಷ ಪಿ.ಟಿ. ಮೇಡಂ ಆಗಿ ವಿಷಲ್ ಊದಿದವಳು ನಾನು. ಆಡೋಕೆ ಬರುವ ಹುಡುಗಿಯರಿಗೆ ಯಾವತ್ತೂ ಬರ ಬಂದಿದ್ದಿಲ್ಲ. ಬರ ಇದ್ದಿದ್ದು ನೋಡೋರಿಗೆ.

ನಂಬಿಕೆ ಬರದಿದ್ದರೆ ಕೇಳಿ. ಒಮ್ಮೆ ನಮ್ಮ ಹುಡುಗಿಯರು ಫೈನಲ್ ತಲುಪಿದರು. ಊರಿನ ಹೆಸರು ಬೇಡ. ಸಂಜೆಯ ತಂಪು ಹೊತ್ತು, ಲೈಟು, ಮೈಕು ಎಲ್ಲ ಹುಡುಗರ ಮ್ಯಾಚಿಗೆ. ನಮಗೆ ಮಧ್ಯಾಹ್ನ ಒಂದೂವರೆ, ಏಪ್ರಿಲ್ ಬಿಸಿಲು. ನೋಡೋಕೆ ಇದ್ದವರು ಒಬ್ಬಳ ಇಬ್ಬರು ತಮ್ಮಂದಿರು, ಮೈದಾನ ಕಾಯುವವರು, ಮತ್ತೊಬ್ಬ ಕಡ್ಲೆಕಾಯಿ ಮಾರುವವನು. ಅವನೂ ಅರ್ಧಕ್ಕೆ ಎದ್ದು, "ಮೇಡಂ, ಹುಡುಗರ ಮ್ಯಾಚ್ ಎಷ್ಟೊತ್ತಿಗೆ?" ಅಂತ ಕೇಳಿ ಹೊರಟುಹೋದ. ನಾವು ಗೆದ್ದೆವು. ಕಪ್ಪು ಹಿಡಿದು ಫೋಟೋ ತೆಗೆಸಿಕೊಳ್ಳೋಣ ಅಂದರೆ ತೆಗೆಯೋರು ಯಾರೂ ಇಲ್ಲ. ಕೊನೆಗೆ ನಮ್ಮ ಕ್ಯಾಪ್ಟನ್, ಆಗಷ್ಟೇ ಸೋತು ಬೆವರು ಒರೆಸಿಕೊಳ್ಳುತ್ತಿದ್ದ ಎದುರು ಟೀಮಿನ ಹುಡುಗಿಯ ಕೈಗೇ ಫೋನ್ ಕೊಟ್ಟಳು. ಆ ಮಗು ಪಾಪ, ಚೆನ್ನಾಗಿಯೇ ತೆಗೆಯಿತು.

ಇರಲಿ. ಈಗ ನಿಮ್ಮನ್ನು ಅಮೆರಿಕಕ್ಕೆ ಕರೆದುಕೊಂಡು ಹೋಗುತ್ತೇನೆ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಅಲ್ಲ. ಅಯೋವಾ ಅಂತ ಒಂದು ರಾಜ್ಯ. ದೇಶದ ನಟ್ಟನಡುವೆ, ಒಂದು ಕಡೆ ಮಿಸಿಸಿಪ್ಪಿ ನದಿ, ಇನ್ನೊಂದು ಕಡೆ ಮಿಸೌರಿ ನದಿ. ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ. ಅದು ಬಿಟ್ಟರೆ ಹಂದಿ ಸಾಕಣೆ. ಇಡೀ ರಾಜ್ಯದ ಜನಸಂಖ್ಯೆ 32 ಲಕ್ಷದ ಆಸುಪಾಸು. ನಮ್ಮ ಬೆಂಗಳೂರಿನ ಒಂದು ಭಾಗದಲ್ಲೇ ಅಷ್ಟು ಜನ ಇದ್ದಾರೆ, ಅಲ್ವಾ? ದೊಡ್ಡ ವೃತ್ತಿಪರ ಲೀಗುಗಳ ಒಂದು ಟೀಮೂ ಆ ರಾಜ್ಯದಲ್ಲಿಲ್ಲ.

ಅಂಥ ಊರಲ್ಲಿ 2023ರ ಅಕ್ಟೋಬರ್ 15ರಂದು ಕಾಲೇಜು ಹುಡುಗಿಯರ ಒಂದು ಬ್ಯಾಸ್ಕೆಟ್‌ಬಾಲ್ ಮ್ಯಾಚ್ ನಡೆಯಿತು. ಎಷ್ಟು ಜನ ಬಂದಿದ್ದರು ಅಂದುಕೊಂಡಿರಿ? 55,646. ಇದು ಸೀಸನ್ ಶುರುವಾಗುವ ಮೊದಲಿನ ಸುಮ್ನೆ ಒಂದು ಪ್ರದರ್ಶನ ಪಂದ್ಯ. ಒಳಾಂಗಣ ಸಾಲದು ಅಂತ ಫುಟ್‌ಬಾಲ್ ಸ್ಟೇಡಿಯಂನ ನಡುವೆ ಕೋರ್ಟು ಹಾಸಿದ್ದರು. ಮೇಲೆ ಬಯಲು ಆಕಾಶ. ಚಳಿ, ಗಾಳಿ. ಆದರೂ ಬಂದರು, ಕಂಬಳಿ ಹೊದ್ದು ಕೂತರು.

ಹೀಗೆ ಒಂದು ದಿನದಲ್ಲಿ ಆಗಲ್ಲ. ಅದಕ್ಕೆ ನೂರು ವರ್ಷ ಹಿಡಿದಿದೆ.

ಅಯೋವಾದಲ್ಲಿ ಹೈಸ್ಕೂಲ್ ಹುಡುಗಿಯರ ಮೊದಲ ರಾಜ್ಯ ಮಟ್ಟದ ಟೂರ್ನಿ ನಡೆದಿದ್ದು 1920ರಲ್ಲಿ. ಆಮೇಲೆ ಐದೇ ವರ್ಷಕ್ಕೆ ದೊಡ್ಡವರ ತಕರಾರು ಶುರುವಾಯಿತು. ಹೆಣ್ಣುಮಕ್ಕಳು ಜನರೆದುರು ಓಡಾಡಿ ಆಡುವುದು ಸರಿಯಲ್ಲ, ದೇಹಕ್ಕೆ ಒಳ್ಳೆಯದಲ್ಲ ಅಂತ. ಈ ಮಾತನ್ನು ನಾನೂ ನನ್ನ ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ, 1925ರಲ್ಲಿ ಅಲ್ಲ! ರಾಜ್ಯದ ಶಾಲಾ ಕ್ರೀಡಾ ಸಂಘ ಹುಡುಗಿಯರ ಟೂರ್ನಿಯನ್ನು ಕೈಬಿಡೋಕೆ ಹೊರಟಿತು. ಆಗ ಸಣ್ಣ ಸಣ್ಣ ಊರುಗಳ ಶಾಲೆಯವರು ರಾಜಧಾನಿಯ ಒಂದು ಚರ್ಚಿನಲ್ಲಿ ಸೇರಿದರು. ರಾಜಧಾನಿಯ ಹೆಸರನ್ನು ಡಿ ಮಾಯ್ನ್ ಅಂತ ಕರೆಯುತ್ತಾರೆ, ಇಂಗ್ಲಿಷಿನಲ್ಲಿ ಬರೆಯೋದೇ ಬೇರೆ, ಅದು ಬಿಡಿ. ಅಲ್ಲಿ ಮಿಸ್ಟಿಕ್ ಅನ್ನುವ ಊರಿನ ಜಾನ್ ಏಗನ್ಸ್ ಎದ್ದು ನಿಂತು ಹೇಳಿದರಂತೆ, ಈ ರಾಜ್ಯದಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ನಿಲ್ಲಿಸೋಕೆ ಹೋದರೆ ರೈಲು ಬರುವಾಗ ಹಳಿ ಮಧ್ಯೆ ನಿಂತ ಹಾಗೆ ಆಗುತ್ತದೆ ಅಂತ. ಹಾಗೆ ಅಂದವರು ಹುಡುಗಿಯರಿಗಾಗಿಯೇ ಬೇರೆ ಸಂಘ ಕಟ್ಟಿಬಿಟ್ಟರು. ಅದು ಇವತ್ತಿಗೂ ಇದೆ.

ಯಾಕೆ ಸಣ್ಣ ಊರಿನವರೇ? ಲೆಕ್ಕ ಸುಲಭ. ಶಾಲೆ ಚಿಕ್ಕದು. ಫುಟ್‌ಬಾಲ್ ಟೀಮ್ ಕಟ್ಟೋಣ ಅಂದರೆ ಅಷ್ಟು ಗಂಡುಹುಡುಗರೇ ಸಿಗಲ್ಲ. ಬ್ಯಾಸ್ಕೆಟ್‌ಬಾಲಿಗೆ ಕೆಲವೇ ಜನ ಸಾಕು. ಜೊತೆಗೆ ಚಳಿಗಾಲ. ಅಕ್ಟೋಬರ್, ನವೆಂಬರಿಗೆ ಜೋಳದ ಕಟಾವು ಮುಗಿಯುತ್ತದೆ. ಆಮೇಲೆ ಹಿಮ. ಹೊಲದಲ್ಲಿ ಕೆಲಸ ಇಲ್ಲ. ನಮ್ಮಲ್ಲಿ ಸುಗ್ಗಿ ಮುಗಿದ ಮೇಲೆ ಬಯಲಾಟ, ನಾಟಕ, ಕುಸ್ತಿ ಅಂತ ಊರಿಗೆ ಊರೇ ಚಾಪೆ ಹಿಡಿದು ಹೊರಡುತ್ತಿತ್ತಲ್ಲ, ಹಾಗೆ. ಅವರು ಸಂಜೆ ಊಟ ಮುಗಿಸಿ ಶಾಲೆಯ ಜಿಮ್ಮಿಗೆ ಹೊರಡುತ್ತಿದ್ದರು. ಯಾರದೋ ಮಗಳು, ಯಾರದೋ ತಂಗಿ ಆಡುತ್ತಿರುತ್ತಾಳೆ. ಎದೆ ಮೇಲೆ ಊರಿನ ಹೆಸರು ಇರುತ್ತದೆ. ನೋಡದೆ ಇರೋಕಾಗುತ್ತಾ?

ಆಟದ ರೂಲು ವಿಚಿತ್ರ. ಐದು ಜನ ಅಲ್ಲ, ಆರು. ಮೂವರು ಫಾರ್ವರ್ಡ್, ಮೂವರು ಗಾರ್ಡ್. ನಡುಗೆರೆ ದಾಟುವ ಹಾಗಿಲ್ಲ. ಫಾರ್ವರ್ಡ್‌ಗಳದ್ದು ಬುಟ್ಟಿಗೆ ಹಾಕುವ ಕೆಲಸ, ಗಾರ್ಡ್‌ಗಳದ್ದು ತಡೆಯುವ ಕೆಲಸ. ಚೆಂಡನ್ನು ಎರಡೇ ಸಲ ಪುಟಿಸಬಹುದು. ಇಡೀ ಕೋರ್ಟು ಓಡಿದರೆ ಹುಡುಗಿಯರು ಸುಸ್ತಾಗುತ್ತಾರೆ ಅನ್ನುವ ಹಳೇ ಅನುಮಾನದಿಂದ ಬಂದ ರೂಲು ಇದು. ಆದರೆ ಆಗಿದ್ದೇ ಬೇರೆ. ಓಡಾಟ ಕಡಿಮೆ ಆಗಿ ಪಾಯಿಂಟು ಸುರಿಮಳೆ ಆಯಿತು. ನೋಡೋಕೆ ಬಂದವರಿಗೆ ಹಬ್ಬ.

ಈಗ ನನ್ನ ಇಷ್ಟದ ಕಥೆ. ಇದನ್ನು ಪ್ರತಿ ವರ್ಷ ಹೊಸ ಬ್ಯಾಚಿಗೆ ಹೇಳುತ್ತಿದ್ದೆ. ಹಳೇ ಹುಡುಗಿಯರು ಹಿಂದೆ ನಿಂತು "ಶುರುವಾಯ್ತು ಡೆನಿಸ್ ಕಥೆ" ಅಂತ ನಗುತ್ತಿದ್ದರು. ನಗಲಿ.

1968, ಮಾರ್ಚ್ ತಿಂಗಳು. ಡಿ ಮಾಯ್ನ್‌ನ ವೆಟರನ್ಸ್ ಆಡಿಟೋರಿಯಂ. ಜನ ಅದನ್ನು ಕೊಟ್ಟಿಗೆ ಅಂತಲೇ ಕರೆಯುತ್ತಿದ್ದರು. ರಾಜ್ಯದ ಫೈನಲ್. ಒಂದು ಕಡೆ ಯೂನಿಯನ್-ವಿಟನ್ ಶಾಲೆ, ಇನ್ನೊಂದು ಕಡೆ ಎವರ್ಲಿ. ವಿಟನ್ ಅಂದರೆ ಇನ್ನೂರು ಜನರ ಆಸುಪಾಸಿನ ಊರು. ನಮ್ಮ ಕಡೆ ಒಂದು ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಕೂರುವಷ್ಟು ಜನ. ಆ ಊರಿನ ಹುಡುಗಿ ಡೆನಿಸ್ ಲಾಂಗ್. ಅದೇ ವರ್ಷ ಒಂದೇ ಮ್ಯಾಚಿನಲ್ಲಿ 111 ಪಾಯಿಂಟ್ ಹೊಡೆದಿದ್ದಳು. ಒಬ್ಬಳೇ! ಎವರ್ಲಿ ಕಡೆ ಜೀನೆಟ್ ಓಲ್ಸನ್. ಅವಳೂ ಕಡಿಮೆ ಇಲ್ಲ.

ಹದಿನೈದು ಸಾವಿರದಷ್ಟು ಜನ ಒಳಗೆ. ಅಕ್ಕಪಕ್ಕದ ರಾಜ್ಯಗಳಲ್ಲೂ ಟಿವಿ ಮುಂದೆ ಜನ. ನೆನಪಿಡಿ, ಇವರು ಕಾಲೇಜಿನವರೂ ಅಲ್ಲ, ಹೈಸ್ಕೂಲ್ ಮಕ್ಕಳು. ಈ ಕಡೆ ಡೆನಿಸ್ ಹಾಕುತ್ತಾಳೆ, ಆ ಕಡೆ ಜೀನೆಟ್ ಹಾಕುತ್ತಾಳೆ. ಇಬ್ಬರೂ ಕೋರ್ಟಿನ ಬೇರೆ ಬೇರೆ ಅರ್ಧದಲ್ಲಿ, ಒಬ್ಬರನ್ನೊಬ್ಬರು ಮುಟ್ಟುವ ಹಾಗೂ ಇಲ್ಲ. ಡೆನಿಸ್ ಹಾಕಿದಾಗ ಜೀನೆಟ್ ನಡುಗೆರೆ ಹತ್ತಿರ ನಿಂತು ನೋಡಬೇಕು. ಜೀನೆಟ್ ಹಾಕಿದಾಗ ಡೆನಿಸ್ ನೋಡಬೇಕು. ಸಮಯ ಮುಗಿಯಿತು, ಸ್ಕೋರು ಸಮ. ಹೆಚ್ಚುವರಿ ಸಮಯ ಕೊಟ್ಟರು. ಕೊನೆಗೆ ಯೂನಿಯನ್-ವಿಟನ್ 113, ಎವರ್ಲಿ 107. ಡೆನಿಸ್ 64 ಪಾಯಿಂಟ್. ಸೋತ ಜೀನೆಟ್ ಎಷ್ಟು ಗೊತ್ತಾ? 76! ಒಟ್ಟು 220 ಪಾಯಿಂಟಿನಲ್ಲಿ 140 ಈ ಇಬ್ಬರದೇ. ನನಗೆ ಯಾವಾಗಲೂ ಆ ಸೋತ ಹುಡುಗಿ ಮೇಲೆ ಮನಸ್ಸು ಜಾಸ್ತಿ. 76 ಹಾಕಿ ಸೋಲುವುದು ಅಂದರೆ ಏನು ಹೇಳಿ! ಇನ್ನು ಗಾರ್ಡ್‌ಗಳು, ಅವರ ಪಾಡು ಕೇಳಲೇಬೇಡಿ. ಇಡೀ ರಾತ್ರಿ ಕೈ ಎತ್ತಿ ಎತ್ತಿ ತಡೆದು, ತಮ್ಮ ಹೆಸರಿನ ಮುಂದೆ ಒಂದೂ ಪಾಯಿಂಟಿಲ್ಲದೆ ಮನೆಗೆ ಹೋದವರು.

ಮುಂದಿನ ವರ್ಷ, 1969ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ವಾರಿಯರ್ಸ್ ಅನ್ನುವ ಎನ್‌ಬಿಎ ತಂಡ, ಅಂದರೆ ಗಂಡಸರ ವೃತ್ತಿಪರ ಲೀಗಿನ ತಂಡ, ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಡೆನಿಸ್ ಹೆಸರನ್ನೇ ಕೂಗಿತು. ಸ್ವಲ್ಪ ಪ್ರಚಾರದ ಆಸೆಯೂ ಇತ್ತು ಅನ್ನಿ. ಲೀಗಿನ ಮುಖ್ಯಸ್ಥರು ಅದನ್ನು ರದ್ದು ಮಾಡಿದರು. ಡೆನಿಸ್ ಮುಂದೆ ಔಷಧಿ ಕಲಿತು ಫಾರ್ಮಸಿಸ್ಟ್ ಆದಳು. ಯಾಕೆಂದರೆ ಆಗ ಅಂಥ ಹುಡುಗಿಗೆ ಮುಂದೆ ಆಡೋಕೆ ಜಾಗವೇ ಇರಲಿಲ್ಲ. ಹೈಸ್ಕೂಲಿನಲ್ಲಿ ಹದಿನೈದು ಸಾವಿರ ಜನರೆದುರು ಆಡಿದವಳಿಗೆ ಕಾಲೇಜಿನಲ್ಲಿ ಆಟವೇ ಇಲ್ಲ!

ಇಲ್ಲಿಂದ ಕಾಲೇಜಿನ ಕಥೆ ಶುರು. ರೇಡಿಯೋದವರು ಐದು ಹಾಳೆ ಬರೆಯಿರಿ ಅಂದಿದ್ದರು, ಡೆನಿಸ್ ಕಥೆಗೇ ಮೂರು ಹೋಯಿತು. ಬೇಗ ಬೇಗ ಹೇಳುತ್ತೇನೆ.

1972ರಲ್ಲಿ ಅಮೆರಿಕದಲ್ಲಿ ಟೈಟಲ್ ನೈನ್ ಅನ್ನುವ ಕಾನೂನು ಬಂತು. ಸರ್ಕಾರದ ದುಡ್ಡು ತೆಗೆದುಕೊಳ್ಳುವ ಶಾಲೆ, ಕಾಲೇಜು ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅಂತ. ಮರುವರ್ಷ ಅಯೋವಾ ವಿಶ್ವವಿದ್ಯಾಲಯದಲ್ಲಿ ಮಹಿಳಾ ಕ್ರೀಡಾ ವಿಭಾಗಕ್ಕೆ ಕ್ರಿಸ್ಟೀನ್ ಗ್ರಾಂಟ್ ನಿರ್ದೇಶಕಿ ಆದರು. ಸ್ಕಾಟ್ಲೆಂಡಿನ ಹೆಂಗಸು, ಮಾತಿನಲ್ಲಿ ಖಡಕ್. 2000ದವರೆಗೆ ಆ ಕುರ್ಚಿ ಬಿಡಲಿಲ್ಲ. 1983ರಲ್ಲಿ ಅವರು ಪೆನ್ಸಿಲ್ವೇನಿಯಾದಿಂದ ವಿವಿಯನ್ ಸ್ಟ್ರಿಂಗರ್ ಅವರನ್ನು ಕೋಚ್ ಆಗಿ ಕರೆತಂದರು. ಕಪ್ಪು ಹೆಣ್ಣುಮಗಳು, ಹೆಚ್ಚುಕಡಿಮೆ ಎಲ್ಲರೂ ಬಿಳಿಯರೇ ಇರುವ ರಾಜ್ಯಕ್ಕೆ.

1985ರ ಫೆಬ್ರವರಿ 3. ಒಹಾಯೋ ಸ್ಟೇಟ್ ವಿರುದ್ಧ ಮ್ಯಾಚು. ಕಾರ್ವರ್-ಹಾಕೈ ಅರೀನಾ ಅಂತ ಅವರ ಒಳಾಂಗಣ ಇದೆ. ಅದನ್ನು ನೆಲ ತೋಡಿ ಕಟ್ಟಿದ್ದಾರೆ. ಬಾಗಿಲಲ್ಲಿ ಹೊಕ್ಕರೆ ನೀವು ಮೇಲೆ, ಕೋರ್ಟು ಕೆಳಗೆ. ನಮ್ಮ ಕಲ್ಯಾಣಿಗೆ ಇಳಿದ ಹಾಗೆ ಮೆಟ್ಟಿಲು ಇಳಿದು ಕೂರಬೇಕು. ಹದಿನೈದು ಸಾವಿರ ಚಿಲ್ಲರೆ ಜನಕ್ಕೆ ಅಂತ ಕಟ್ಟಿದ್ದು. ಅವತ್ತು ಬಂದವರು 22,157. ಕೂರೋಕೆ ಜಾಗ ಸಿಗದವರು ಮೆಟ್ಟಿಲ ಮೇಲೇ ಕೂತರು. ಅಲ್ಲಿಯವರೆಗೆ ಹೆಂಗಸರ ಕಾಲೇಜು ಬ್ಯಾಸ್ಕೆಟ್‌ಬಾಲಿಗೆ ಆ ದೇಶದಲ್ಲಿ ಅಷ್ಟು ಜನ ಬಂದಿದ್ದೇ ಇಲ್ಲ. ಮ್ಯಾಚ್ ಅಯೋವಾ ಸೋತಿತು. ಸೋತರೇನು? ಜನ ಮತ್ತೆ ಬಂದರು. ನಾನು ಹೇಳುತ್ತಿರೋದು ಇದೇ. ಗೆದ್ದರೆ ಬರುತ್ತೇವೆ ಅನ್ನೋರು ಎಲ್ಲ ಊರಲ್ಲೂ ಸಿಗುತ್ತಾರೆ.

ಬಂದವರು ಯಾರು? ಅರ್ಧಕ್ಕರ್ಧ ಹಳೇ ಆಟಗಾರ್ತಿಯರೇ ಅಂದರೂ ನಡೆಯುತ್ತದೆ. ಆರು ಜನರ ಆಟ ಆಡಿ, ಮದುವೆಯಾಗಿ, ಹೊಲ ಮನೆ ನೋಡಿಕೊಂಡು ಇದ್ದ ಹೆಂಗಸರು. ಆಟ ಗೊತ್ತಿದ್ದವರು. ಯಾವ ಪಾಸು ಒಳ್ಳೆಯದು, ಯಾವ ಫೌಲು ಸುಳ್ಳು ಅಂತ ಗಂಡನಿಗೆ ಹೇಳಿಕೊಡುವಷ್ಟು ಗೊತ್ತಿದ್ದವರು. ಆರು ಜನರ ಆಟ 1993ಕ್ಕೆ ನಿಂತುಹೋಯಿತು. ಬುಟ್ಟಿಗೆ ಹಾಕೋದನ್ನೇ ಕಲಿಯದ ಗಾರ್ಡ್‌ಗೆ ಕಾಲೇಜಿನ ಐದು ಜನರ ತಂಡದಲ್ಲಿ ಜಾಗ ಸಿಗೋದು ಕಷ್ಟ, ಹಾಗಾಗಿ ಅದು ನಿಂತಿದ್ದೇ ಸರಿ. ಆದರೆ ನೋಡುವ ಚಟ ನಿಲ್ಲಲಿಲ್ಲ.

ಅದೇ ಜನರ ಮಧ್ಯೆ ಬೆಳೆದವಳು ಕೇಟ್ಲಿನ್ ಕ್ಲಾರ್ಕ್. ಈ ಹೆಸರು ನಿಮ್ಮ ಮೊಮ್ಮಕ್ಕಳಿಗೆ ಗೊತ್ತಿರುತ್ತದೆ. ಡಿ ಮಾಯ್ನ್ ಪಕ್ಕದ ಊರಿನವಳು. ಅಯೋವಾ ವಿಶ್ವವಿದ್ಯಾಲಯದ ಪರ ಕಾಲೇಜಿನ ನಾಲ್ಕು ವರ್ಷದಲ್ಲಿ 3,951 ಪಾಯಿಂಟ್. ಗಂಡಸರ ದಾಖಲೆ 3,667 ಇತ್ತು, 2024ರ ಮಾರ್ಚ್ 3ರಂದು ಅದನ್ನೂ ದಾಟಿದಳು. ಆ 55 ಸಾವಿರ ಜನ ಬಂದ ದಿನ 34 ಪಾಯಿಂಟ್, 11 ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿಯೋದು), 10 ಅಸಿಸ್ಟ್ (ಜೊತೆಯವಳು ಬುಟ್ಟಿಗೆ ಹಾಕುವ ಹಾಗೆ ಕೊಟ್ಟ ಪಾಸು). 2024ರ ರಾಷ್ಟ್ರಮಟ್ಟದ ಕಾಲೇಜು ಫೈನಲ್‌ನಲ್ಲಿ ಅಯೋವಾ ಸೌತ್ ಕ್ಯಾರೊಲೈನಾಗೆ ಸೋತಿತು. ಆದರೆ ಟಿವಿಯಲ್ಲಿ ಅದನ್ನು ನೋಡಿದವರು ಸುಮಾರು 1 ಕೋಟಿ 89 ಲಕ್ಷ. ಆ ವರ್ಷ ಗಂಡಸರ ಫೈನಲ್ ನೋಡಿದವರಿಗಿಂತ ಸುಮಾರು 40 ಲಕ್ಷ ಜಾಸ್ತಿ. ಎಲ್ಲರೂ ಕೇಟ್ಲಿನ್ ಬಂದಳು, ಜನ ಬಂದರು ಅಂತಾರೆ. ಪತ್ರಿಕೆಯವರೂ ಹಾಗೇ ಬರೆಯುತ್ತಾರೆ. ಅದು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಜನ ಅವಳಿಗಿಂತ ಮೊದಲೇ ಬಂದು ಕೂತಿದ್ದರು!

ನಮ್ಮಲ್ಲಿ ದೊಡ್ಡ ಆಟವೇ ಇಲ್ಲ ಅಂತ ಮಾತ್ರ ಹೇಳಬೇಡಿ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲೇ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಬಿ ವಿಭಾಗದ ಫೈನಲ್‌ನಲ್ಲಿ ನಮ್ಮ ದೇಶದ ಹುಡುಗಿಯರು ಕಜಕಿಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ಎರಡೇ ಪಾಯಿಂಟು! ಈಗ ಕೇಳುತ್ತಿರುವವರಲ್ಲಿ ಎಷ್ಟು ಜನ ಅದನ್ನು ನೋಡಿದ್ದೀರಿ? ಕೈ ಎತ್ತಿ ಅಂದರೂ ರೇಡಿಯೋದಲ್ಲಿ ನನಗೆ ಕಾಣಲ್ಲ, ಬಿಡಿ.

ಹಾಳೆ ಮುಗಿಯಿತು. ಒಬ್ಬ ಅಜ್ಜಿ ಬಗ್ಗೆ ಹೇಳಿ ಎದ್ದುಬಿಡುತ್ತೇನೆ. 2024ರಲ್ಲಿ ಅಯೋವಾ ತಂಡಕ್ಕೆ ಜ್ಯಾನ್ ಜೆನ್ಸೆನ್ ಮುಖ್ಯ ಕೋಚ್ ಆದರು. ಅದಕ್ಕೂ ಮೊದಲು ವರ್ಷಗಟ್ಟಲೆ ಅಲ್ಲೇ ಸಹಾಯಕ ಕೋಚ್. ಅವರೂ ಆರು ಜನರ ಆಟದಲ್ಲಿ ಬೆಳೆದವರೇ. ಹೈಸ್ಕೂಲಿನ ಕೊನೆಯ ವರ್ಷ ಮ್ಯಾಚಿಗೆ ಸರಾಸರಿ 66 ಪಾಯಿಂಟ್. ಅವರ ಅಜ್ಜಿ ಆಡಬನ್ ಅನ್ನುವ ಊರಿನ ಶಾಲೆಗೆ ಆಡಿದವರು. 1921ರಲ್ಲಿ ರಾಜ್ಯದ ಕಪ್ ಗೆದ್ದ ತಂಡ ಅದು. ಅಜ್ಜಿಯ ಹೆಸರು ಡೋರ್ಕಸ್. ಆದರೆ ಊರವರು ಕರೆಯುತ್ತಿದ್ದದ್ದು ಲಾಟಿ ಅಂತ. ಇಂಗ್ಲಿಷಿನಲ್ಲಿ ಲಾಟ್ ಅಂದರೆ ರಾಶಿ ಅಲ್ವಾ? ರಾಶಿ ರಾಶಿ ಪಾಯಿಂಟ್ ಹಾಕುತ್ತಿದ್ದಳಂತೆ, ಅದಕ್ಕೇ ಆ ಹೆಸರು. ಬೆಂಚಿನ ಮೇಲೆ ಕೂತು ನೋಡಿದವರು ಯಾರೋ ಇಟ್ಟಿರಬೇಕು.

ನಮಸ್ಕಾರ.